ಒಂಟಾರಿಯೊದಲ್ಲಿ ಹಳೆಯ ಮನೆ ಕೊಳ್ಳುತ್ತೀರಾ? ಅಟ್ಟ ಹತ್ತಿ ನೋಡಿ

ಹ್ಯಾಮಿಲ್ಟನ್ನಿನಲ್ಲಿ ನಾವು ಕೊಂಡ ಮನೆ 1920ರ ದಶಕದ್ದು. ಬೇಸ್‌ಮೆಂಟಿನಲ್ಲಿ ಹೊಚ್ಚ ಹೊಸ ಬ್ರೇಕರ್ ಪ್ಯಾನೆಲ್ ಇತ್ತು. ಅದನ್ನು ನೋಡಿ ಮನೆಯ ವೈರಿಂಗೆಲ್ಲ ಹೊಸದೆಂದು ನಂಬಿದೆವು. ಚಳಿಗಾಲಕ್ಕೆ ಮುಂಚೆ ಅಟ್ಟ ಹತ್ತಿ ಟಾರ್ಚ್ ಬಿಟ್ಟರೆ, ತೊಲೆಗಳ ಪಕ್ಕದಲ್ಲಿ ಸಾಲಾಗಿ ಬಿಳಿ ಪಿಂಗಾಣಿ ಗುಂಡಿಗಳು, ಅವುಗಳಿಗೆ ಬಿಗಿದ, ಬಟ್ಟೆ ಸುತ್ತಿದ ಕಪ್ಪು ತಂತಿ. ಊರಿನಲ್ಲಿ ಅಜ್ಜನ ಮನೆಯ ಪಿಂಗಾಣಿ ಫ್ಯೂಸು ನೆನಪಾಗಿ ಒಂದು ಗಳಿಗೆ ಖುಷಿಯೇ ಆಯಿತು. ವಿಮಾ ಕಂಪನಿಗೆ ಫೋನ್ ಮಾಡಿದ ಮೇಲೆ ಆ ಖುಷಿ ಉಳಿಯಲಿಲ್ಲ.

ಇದಕ್ಕೆ ಇಲ್ಲಿ ನಾಬ್ ಅಂಡ್ ಟ್ಯೂಬ್ ವೈರಿಂಗ್ ಎನ್ನುತ್ತಾರೆ. 1950ಕ್ಕೆ ಮುಂಚಿನ ಮನೆಗಳಲ್ಲಿ ಸಿಗುತ್ತದೆ. ಫೇಸ್ ಒಂದು ಕಡೆ, ನ್ಯೂಟ್ರಲ್ ಇನ್ನೊಂದು ಕಡೆ ಹೋಗುತ್ತವೆ, ಅರ್ಥಿಂಗ್ ಇರುವುದಿಲ್ಲ. ತಂತಿಯ ಬಿಸಿ ಸುತ್ತಲಿನ ಗಾಳಿಗೆ ಹೋಗಲಿ ಎಂಬ ಲೆಕ್ಕದಲ್ಲಿ ಅದನ್ನು ಮರದಿಂದ ದೂರ, ಬಯಲಲ್ಲಿ ಎಳೆದಿರುತ್ತಾರೆ. ತೊಡಕು ಶುರುವಾಗುವುದು ಇಲ್ಲೇ. ಚಳಿ ತಡೆಯಲಾರದೆ ಮನೆಯ ಬಿಸಿ ಹಿಡಿದಿಡುವ ಇನ್ಸುಲೇಷನ್ ಅನ್ನು ಅಟ್ಟದ ತುಂಬ ಸುರಿಸಿದರೆ ತಂತಿಗೆ ಕಂಬಳಿ ಹೊದಿಸಿದಂತೆ. ಬಿಸಿ ಹೋಗಲು ದಾರಿಯಿಲ್ಲದೆ ಹಳೆಯ ಬಟ್ಟೆ-ರಬ್ಬರಿನ ಹೊದಿಕೆ ಪುಡಿಯಾಗುತ್ತದೆ. ಈ ವೈರಿಂಗ್ ಇದೆ ಎಂದ ಮಾತ್ರಕ್ಕೆ ಕಾನೂನು ಮೀರಿದಂತಲ್ಲ, ಸುಸ್ಥಿತಿಯಲ್ಲಿದ್ದರೆ ಇರಿಸಿಕೊಳ್ಳಬಹುದು. ಆದರೆ ಎಷ್ಟೋ ವಿಮಾ ಕಂಪನಿಗಳು ಒಪ್ಪುವುದಿಲ್ಲ, ಇಲ್ಲವೇ ಇಂತಿಷ್ಟು ದಿನದಲ್ಲಿ ಬದಲಿಸಿ ಎಂದು ಗಡುವು ಕೊಡುತ್ತವೆ. ವಿಮೆಯಿಲ್ಲದೆ ಬ್ಯಾಂಕು ಸಾಲ ಕೊಡದು. ಆದ್ದರಿಂದ ಮನೆಗೆ ಬೆಲೆ ಹೇಳುವ ಮುಂಚೆಯೇ ವಿಮೆಯವರಲ್ಲಿ ವಿಚಾರಿಸಿ. ಮನೆ ತಪಾಸಣೆಗೆ ಬರುವವರು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುತ್ತಾರೆ, ಗೋಡೆ ಒಡೆದು ನೋಡುವುದಿಲ್ಲ. ನಮಗೆ ಬಂದವರು ಅಟ್ಟದ ಬಾಗಿಲನ್ನೂ ತೆರೆದಿರಲಿಲ್ಲ.

ಬ್ರಾಂಪ್ಟನ್, ಸ್ಕಾರ್ಬರೋ ಕಡೆ 1960ರ ದಶಕದ ನಡುವಿನಿಂದ 70ರ ದಶಕದ ಕೊನೆಯವರೆಗೆ ಕಟ್ಟಿದ ಮನೆ ನೋಡುತ್ತಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆ: ತಂತಿ ಅಲ್ಯೂಮಿನಿಯಮ್ಮೇ? ಬೇಸ್‌ಮೆಂಟಿನ ಚಾವಣಿಯಲ್ಲಿ ಓಡುವ ಕೇಬಲ್ಲಿನ ಮೇಲೆ ಹಾಗೆಂದು ಅಚ್ಚೊತ್ತಿರುತ್ತದೆ. ಬಿಸಿಯಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗುವ ಲೋಹ ಇದು. ಹಿಗ್ಗಿ ಕುಗ್ಗಿ ಸ್ಕ್ರೂ ಸಡಿಲವಾಗಿ, ಸಡಿಲವಾದ ಕಡೆ ಕಾಯುತ್ತದೆ. ಮನೆಯನ್ನೆಲ್ಲ ಬಗೆಯಬೇಕಿಲ್ಲ. ಅಲ್ಯೂಮಿನಿಯಮ್ಮಿಗೆಂದೇ ಒಪ್ಪಿಗೆ ಪಡೆದ ಸಾಕೆಟ್ ಹಾಕಿಸಬಹುದು, ಇಲ್ಲವೇ ತುದಿಗೆ ತಾಮ್ರದ ತುಂಡನ್ನು ಸರಿಯಾದ ಕನೆಕ್ಟರಿನಿಂದ ಸೇರಿಸಬಹುದು. ನೀವೇ ಮಾಡಬಹುದಾದದ್ದೂ ಒಂದಿದೆ: ರಾತ್ರಿ ಹೀಟರ್ ಉರಿಯುತ್ತಿರುವಾಗ ಸಾಕೆಟ್ಟಿನ ಮುಚ್ಚಳದ ಮೇಲೆ ಅಂಗೈಯಿಡಿ. ಬೆಚ್ಚಗಿದ್ದರೆ, ಅಥವಾ ತೂತುಗಳ ಸುತ್ತ ಕಂದು ಬಳೆ ಮೂಡಿದ್ದರೆ, ಹೀಟರ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಹೀಟರಿನ ಮಾತು ಬಂದದ್ದರಿಂದ ಒಂದು ಲೆಕ್ಕ. ಊರಿನಲ್ಲಿ 230 ವೋಲ್ಟ್, ಇಲ್ಲಿ ಮಾಮೂಲಿ ಸಾಕೆಟ್ಟಿನಲ್ಲಿ 120. ವೋಲ್ಟ್ ಅರ್ಧವಾದರೆ ಅಷ್ಟೇ ವಾಟಿಗೆ ಕರೆಂಟು ಇಮ್ಮಡಿ ಹರಿಯಬೇಕು. 1500 ವಾಟಿನ ಹೀಟರ್ 12.5 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಬ್ರೇಕರ್ 15 ಆಂಪಿಯರಿನದು. ಗಂಟೆಗಟ್ಟಲೆ ಎಳೆಯುವ ಭಾರವಾದರೆ ಅದರ ಶೇಕಡಾ 80, ಅಂದರೆ 12 ಆಂಪಿಯರ್ ದಾಟಬಾರದು ಎಂಬುದು ನಿಯಮ. ಒಂದು ಹೀಟರಿಗೇ ಸರ್ಕ್ಯೂಟ್ ಮುಗಿಯಿತು. ಅದರ ಜೊತೆಗೆ ಇಸ್ತ್ರಿಪೆಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ, ಬೀಳಲೇಬೇಕು. ಎಕ್ಸ್‌ಟೆನ್ಷನ್ ವೈರಿಗೆ ಹೀಟರ್ ಸಿಕ್ಕಿಸಲೇಬೇಡಿ. ಬ್ರೇಕರಿನ ಬದಲು ತಿರುಪಿನ ಗಾಜಿನ ಫ್ಯೂಸ್ ಇರುವ ಮನೆಗಳಲ್ಲಿ, 15 ಹೋಯಿತೆಂದು ಯಾರೋ 30ರದ್ದನ್ನು ತಿರುಗಿಸಿಟ್ಟಿರುತ್ತಾರೆ. ಫ್ಯೂಸು ಹೋದಾಗಲೆಲ್ಲ ದಪ್ಪ ತಂತಿ ಕಟ್ಟಿ ಬೆಳೆದ ನಮಗೆ ಇದು ಹೊಸದೇನಲ್ಲ. ಆದರೆ ಇಲ್ಲಿನ ಗೋಡೆ ಮರದ್ದು, ಒಳಗಿನ ಕಟ್ಟೂ ಮರದ್ದು.

ಸ್ನಾನದ ಮನೆ, ಸಿಂಕಿನ ಬಳಿ ಟೆಸ್ಟ್ ಗುಂಡಿ ಇರುವ, ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಜಿಎಫ್‌ಸಿಐ ಸಾಕೆಟ್ ಹಾಕಿಸಿ. ಊರಿನ ಮನೆಗಳ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುತ್ತದೆ, ಇದು ಸುಮಾರು 5ಕ್ಕೇ. ಅರ್ಥಿಂಗ್ ಇಲ್ಲದ ಹಳೆಯ ಸಾಕೆಟ್ಟಿಗೂ ಇದು ಕಾನೂನು ಒಪ್ಪುವ ಪರಿಹಾರ.

ಮನೆಗೆ ಬರುವ ಸಂಪರ್ಕವೇ 60 ಆಂಪಿಯರಿನದಾದರೆ 240 ವೋಲ್ಟಿನಲ್ಲಿ ಒಟ್ಟು 14,400 ವಾಟ್. ಒಲೆ, ಬಟ್ಟೆ ಒಣಗಿಸುವ ಯಂತ್ರ, ಮೇಲೆ ಕಾರಿನ ಚಾರ್ಜರ್ (32 ಆಂಪಿಯರಿನದಾದರೆ ಅದೊಂದೇ 7,680 ವಾಟ್) ಎಂದರೆ ಏಗುವುದಿಲ್ಲ. 100 ಅಥವಾ 200ಕ್ಕೆ ಏರಿಸಲು ವಿದ್ಯುತ್ ಕಂಪನಿಯವರು ಹೊರಗಿನಿಂದ ಸಂಪರ್ಕ ಕಡಿದು ಮತ್ತೆ ಕೊಡಬೇಕು. ಅವರನ್ನು ಇಲ್ಲಿ ಎಲ್ಲರೂ ‘ಹೈಡ್ರೊ’ ಎಂದೇ ಕರೆಯುವುದು. ಕರೆಂಟು ನಯಾಗರದ ನೀರಿನಿಂದ ಬಂದ ಕಾಲದ ಹೆಸರು. 1902ರಲ್ಲೇ ಶಿವನಸಮುದ್ರದ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಒಯ್ದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಪಾಸಣೆ ಮಾತ್ರ ಹೈಡ್ರೊದವರ ಕೆಲಸವಲ್ಲ. ಅದು ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಯದು, ಬಾಯಿಮಾತಿನಲ್ಲಿ ಇಎಸ್‌ಎ. ನಮ್ಮವರು ಎಡವುವುದು ಇಲ್ಲೇ. ‘ಪರಿಚಯದ ಹುಡುಗ, ಎಲೆಕ್ಟ್ರಿಷಿಯನ್ನೇ, ಶನಿವಾರ ಬಂದು ಅರ್ಧ ದುಡ್ಡಿಗೆ ಮಾಡಿಕೊಡುತ್ತಾನೆ’ ಎನ್ನುತ್ತಾರೆ. ಅವನು ನುರಿತವನೇ ಇರಬಹುದು, ಸರ್ಟಿಫಿಕೇಟೂ ಇರಬಹುದು. ಆದರೂ ಮನೆಯವರಿಂದ ನೇರವಾಗಿ ಕೆಲಸ ಒಪ್ಪಿಕೊಳ್ಳಲು ಗುತ್ತಿಗೆದಾರರ ಲೈಸೆನ್ಸೇ ಬೇಕು. ಇಸಿಆರ್‌ಎ/ಇಎಸ್‌ಎ ಎಂದು ಶುರುವಾಗುವ ಆ ಸಂಖ್ಯೆ ಅವರ ವ್ಯಾನಿನ ಮೇಲೆ, ಅಂದಾಜುಪಟ್ಟಿಯ ಮೇಲೆ ಇರಬೇಕು; ಇಎಸ್‌ಎ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಕೆಲಸದ ಸೂಚನೆಯನ್ನು ಇಎಸ್‌ಎಗೆ ಸಲ್ಲಿಸುವುದೂ ಅವರದೇ ಜವಾಬ್ದಾರಿ. ಸ್ವಂತ ಮನೆಯ ವೈರಿಂಗನ್ನು ನೀವೇ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಆದರೆ ಆಗ ಸೂಚನೆ ಸಲ್ಲಿಸಿ ತಪಾಸಣೆ ಮಾಡಿಸಬೇಕಾದವರು ನೀವು. ಕೆಲಸ ಮುಗಿದ ಮೇಲೆ ಬರುವ ಪ್ರಮಾಣಪತ್ರವನ್ನು ಮನೆಪತ್ರದ ಜೊತೆಯಲ್ಲೇ ಇಡಿ. ವಿಮೆಯವರು ಕೇಳುತ್ತಾರೆ, ನಾಳೆ ನಿಮ್ಮ ಮನೆ ಕೊಳ್ಳುವವರೂ ಕೇಳುತ್ತಾರೆ.

ಬೆಂಗಳೂರಿನ ಮಿಕ್ಸಿಗೆಂದು 240 ವೋಲ್ಟಿನ ಸಾಕೆಟ್ ಹಾಕಿಸುವ ಆಸೆ ಹಲವರಿಗೆ. ಬೇಡ. ಇಲ್ಲಿನ 240 ಎಂದರೆ ಎರಡು ಫೇಸ್ ತಂತಿಗಳ ನಡುವಿನದು, ಊರಿನಂತೆ ಫೇಸ್-ನ್ಯೂಟ್ರಲ್ ನಡುವಿನದಲ್ಲ. ಅಲ್ಲದೆ ಉಪಕರಣದ ಮೇಲೆ ಸಿಎಸ್‌ಎ (ಕೆನಡಾದ ಮಾನದಂಡ ಸಂಸ್ಥೆ) ಗುರುತಿನಂಥ ಇಲ್ಲಿನ ಮಾನ್ಯತೆಯ ಗುರುತು ಇರಬೇಕು. ಐಎಸ್‌ಐ ಗುರುತು ಇಲ್ಲಿ ನಡೆಯುವುದಿಲ್ಲ. ಇಲ್ಲಿನ 120 ವೋಲ್ಟಿಗೇ ಮಾಡಿದ ಮಿಕ್ಸಿ ಸಿಗುತ್ತದೆ, ಚಟ್ನಿಯೂ ನುಣ್ಣಗಾಗುತ್ತದೆ.

ನಮ್ಮ ಮನೆಯಲ್ಲಿ ಮೊದಲು ತಂತಿ ಬದಲಾಯಿಸಿ, ತಪಾಸಣೆ ಮುಗಿಸಿ, ಆಮೇಲೆ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿದೆವು. ಹಿಂದುಮುಂದು ಮಾಡಿದರೆ ಹಾಕಿಸಿದ್ದನ್ನೆಲ್ಲ ಬಾಚಿ ತೆಗೆಯಬೇಕಾಗುತ್ತದೆ. ಹೊಸ ಕೇಬಲ್ ಎಳೆಯಲು ಗೋಡೆಯಲ್ಲಿ ಅಲ್ಲಲ್ಲಿ ತೂತು ಕೊರೆಯುತ್ತಾರೆ. ಅವುಗಳಿಗೆ ಪ್ಲಾಸ್ಟರ್ ಹಾಕುವ ಖರ್ಚು ಅಂದಾಜಿನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ.