ಮಲೆನಾಡಿನ ವ್ಯಾನ್ ದಾರಿಗೆ ಇರುವೆ ಲೆಕ್ಕ

ಕೊರಿಯರ್ ವ್ಯಾನ್ ಚಿಕ್ಕಮಗಳೂರಿನಿಂದ ಹೊರಟು ಆಲ್ದೂರು, ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ಕಳಸ, ಕೊಟ್ಟಿಗೆಹಾರ, ಮೂಡಿಗೆರೆ ಮುಗಿಸಿ ವಾಪಸ್ ಬರಬೇಕು. ಯಾವ ಕ್ರಮದಲ್ಲಿ ಹೋದರೆ ಅತಿ ಕಡಿಮೆ ಸಮಯ? ಚಿಕ್ಕಮಗಳೂರೂ ಸೇರಿ ಎಂಟೇ ಊರಾದ್ದರಿಂದ ಇರುವ ಕ್ರಮಗಳು 5040. ಕಂಪ್ಯೂಟರ್ ಎಲ್ಲವನ್ನೂ ಕೂಡಿ ನೋಡಿಬಿಡುತ್ತದೆ. ಹದಿನಾರು ಊರಾದರೆ 1.3 ಲಕ್ಷ ಕೋಟಿ. ಅಲ್ಲಿ ಕೈಹಿಡಿಯುವುದು ಮಾರ್ಕೊ ಡೊರಿಗೊ 1992ರ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ಇರುವೆ ವಿಧಾನ. ಇರುವೆ ನಡೆದಲ್ಲೆಲ್ಲ ಫೆರೊಮೋನ್ ಎಂಬ ವಾಸನೆಯ ರಾಸಾಯನಿಕ ಬಿಡುತ್ತದೆ. ಹತ್ತಿರದ ದಾರಿಯಲ್ಲಿ ಅದು ಬೇಗ ದಟ್ಟವಾಗಿ ಉಳಿದವೂ ಅತ್ತಲೇ ತಿರುಗುತ್ತವೆ.

ಮೊದಲು ಕೋಷ್ಟಕ. ಪ್ರತಿ ಊರಿನಿಂದ ಪ್ರತಿ ಊರಿಗೆ ಎಷ್ಟು ನಿಮಿಷ ಎಂದು ಬರೆಯಿರಿ, ಕಿಲೋಮೀಟರ್ ಬೇಡ. ಕಳಸ, ಶೃಂಗೇರಿ ನಕ್ಷೆಯಲ್ಲಿ ಪಕ್ಕಪಕ್ಕ ಕಂಡರೂ ರಸ್ತೆ ಗುಡ್ಡ ಬಳಸಿಯೇ ಹೋಗುತ್ತದೆ. ಏರಿನ ಸಮಯ, ಇಳಿಜಾರಿನ ಸಮಯ ಬೇರೆ ಬೇರೆ, ಹಾಗಾಗಿ ಹೋಗುವುದನ್ನೂ ಬರುವುದನ್ನೂ ಪ್ರತ್ಯೇಕ ತುಂಬಿ. ಒಂದೇ ಊರಿನ ಎರಡು ನಿಲುಗಡೆಗಳ ನಡುವೆ ಸೊನ್ನೆ ಹಾಕಿದರೆ ಭಾಗಾಕಾರ ಕೆಡುತ್ತದೆ. ಕನಿಷ್ಠ 1 ಇರಲಿ.

ಕಂಪ್ಯೂಟರ್ ಲೆಕ್ಕದಲ್ಲಿ ಊರಿಗೊಂದರಂತೆ ಕಾಲ್ಪನಿಕ ಇರುವೆ ಇಡಿ. ಪ್ರತಿ ಸಲ ಅತಿ ಹತ್ತಿರದ ಊರಿಗೇ ಹೋಗುತ್ತಾ ಸುತ್ತು ಮುಗಿಸಿದರೆ 400 ನಿಮಿಷ ಬಂತು ಎಂದಿಟ್ಟುಕೊಳ್ಳಿ: ಇರುವೆಗಳ ಸಂಖ್ಯೆ 8 ಭಾಗಿಸು 400, ಅಂದರೆ 0.02, ಎಲ್ಲ ದಾರಿಗಳ ಆರಂಭದ ಫೆರೊಮೋನ್. ದಾರಿಯ ತೂಕ ಎಂದರೆ ಫೆರೊಮೋನಿನ ಆಲ್ಫಾ ಘಾತವನ್ನು, ನಿಮಿಷದಿಂದ ಒಂದನ್ನು ಭಾಗಿಸಿ ಬಂದದ್ದರ ಬೀಟಾ ಘಾತದಿಂದ ಗುಣಿಸಿದ್ದು. ಆಲ್ಫಾ, ಬೀಟಾ ನಾವೇ ಆರಿಸುವ ಸಂಖ್ಯೆಗಳು: ಫೆರೊಮೋನಿಗೆ ಎಷ್ಟು ಬೆಲೆ, ಹತ್ತಿರಕ್ಕೆ ಎಷ್ಟು ಬೆಲೆ ಎಂದು ಹೇಳುತ್ತವೆ. ಆಲ್ಫಾ 1, ಬೀಟಾ 2ರಿಂದ 5. ಬೀಟಾ 2 ಆದರೆ 20 ನಿಮಿಷದ ದಾರಿಗೆ 40 ನಿಮಿಷದ್ದಕ್ಕಿಂತ 4 ಪಟ್ಟು ತೂಕ. 5 ಆದರೆ 32 ಪಟ್ಟು. ಘಟ್ಟದ ಸೀಮೆಯಲ್ಲಿ 3 ಸಾಕು, ಹೆಚ್ಚಿಸಿದರೆ ಇರುವೆಗಳು ಹತ್ತಿರದ್ದನ್ನೇ ಹಿಡಿದು ಕೊನೆಗೆ ದೂರದ ಒಂಟಿ ಊರಿಗೆ ಓಡಬೇಕಾಗುತ್ತದೆ.

ಇನ್ನೂ ಮುಟ್ಟದ ಊರುಗಳಲ್ಲಿ ಒಂದನ್ನು ತೂಕಕ್ಕೆ ತಕ್ಕಂತೆ ಚೀಟಿ ಎತ್ತಿಸಿ. ದೊಡ್ಡ ತೂಕವನ್ನೇ ನೇರ ಆರಿಸಿದರೆ ಹುಡುಕಾಟವೇ ಇರುವುದಿಲ್ಲ. ಎಲ್ಲ ಇರುವೆಗಳೂ ಸುತ್ತು ಮುಗಿಸಿದ ಮೇಲೆ ಎಲ್ಲ ಫೆರೊಮೋನನ್ನೂ 0.5ರಿಂದ ಗುಣಿಸಿ, ಆಮೇಲೆ ಪ್ರತಿ ಇರುವೆ ತಾನು ನಡೆದ ದಾರಿಗಳಿಗೆ ತನ್ನ ಒಟ್ಟು ನಿಮಿಷದಿಂದ ಒಂದನ್ನು ಭಾಗಿಸಿ ಬಂದದ್ದನ್ನು ಸೇರಿಸಲಿ. ಹೀಗೆ 200 ಸಲ. ಈವರೆಗಿನ ಉತ್ತಮ ಸುತ್ತನ್ನು ಬೇರೆಯಾಗಿ ಬರೆದಿಡಿ; ಮುಂದಿನ ಸಲ ಅದು ಮತ್ತೆ ಸಿಗುತ್ತದೆಂಬ ಖಾತರಿಯಿಲ್ಲ.

ಕೆಡುವುದು ಹೆಚ್ಚಾಗಿ ಒಂದೇ ಕಡೆ: ಎಲ್ಲ ಇರುವೆಗಳ ನಿಮಿಷವೂ ಒಂದೇ ಆಗಿ ನಿಂತುಬಿಡುತ್ತದೆ. ಆಲ್ಫಾ 1ನ್ನು ಮೀರಿದೆಯೇ ನೋಡಿ. ಇಲ್ಲದಿದ್ದರೆ ಸ್ಟುಟ್ಜ್ಲೆ ಮತ್ತು ಹೂಸ್ ಎಂಬ ಸಂಶೋಧಕರು ಈ ವಿಧಾನಕ್ಕೆ ಮಾಡಿದ ಮಾರ್ಪಾಡು ಹಾಕಿ: ಉತ್ತಮ ಇರುವೆಗೆ ಮಾತ್ರ ಫೆರೊಮೋನ್ ಬಿಡುವ ಹಕ್ಕು, ಆವಿಯಾಗುವುದು ಶೇ. 2 (ಅಂದರೆ 0.5ರ ಬದಲು 0.98ರಿಂದ ಗುಣಿಸುವುದು), ಜೊತೆಗೆ ಫೆರೊಮೋನಿಗೆ ಮೇಲ್ಮಿತಿ, ಕೆಳಮಿತಿ. 400 ನಿಮಿಷದ ಸುತ್ತಿಗೆ ಮೇಲ್ಮಿತಿ 0.125, ಆರಂಭದಲ್ಲಿ ಎಲ್ಲ ದಾರಿಗೂ ಅದನ್ನೇ ತುಂಬಿ.

ಎಂಟು ಊರಿನ ಉತ್ತರವನ್ನು 5040 ಕ್ರಮಗಳ ಉತ್ತರದೊಂದಿಗೆ ತಾಳೆ ನೋಡಿ. ಸರಿಹೊಂದದೆ ಹದಿನಾರಕ್ಕೆ ಹೋಗಬೇಡಿ.