ಆಟದಲ್ಲೂ ಹೊಳೆ ಬರಲಿ ಬಿಡಿ

2009ರ ನೆರೆ ಇಳಿದ ಮೇಲೆ ರಾಯಚೂರು ತಾಲೂಕಿನಲ್ಲಿ, ತುಂಗಭದ್ರೆ ದಂಡೆಯ ಒಂದು ಊರಿನವರನ್ನು ತಗಡಿನ ಶೆಡ್‌ಗಳಲ್ಲಿ ಇಟ್ಟಿದ್ದರು. ನಾನು ಅಲ್ಲಿ ಮಕ್ಕಳನ್ನು ಆಡಿಸುತ್ತಿದ್ದೆ. "ಮೊದಲು ಜೋಳ ಕೊಡ್ರಿ, ಆಟ ಆಮೇಲೆ" ಎಂದು ನಕ್ಕವರೇ ಜಾಸ್ತಿ. 2019ರಲ್ಲಿ ಕೃಷ್ಣೆ ಉಕ್ಕಿದಾಗ ಅವರಲ್ಲೇ ಕೆಲವರು ಫೋನ್ ಮಾಡಿ "ಆಗ ಏನ್ ಮಾಡಿದ್ರಿ?" ಎಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಯಾರೋ ದಾನಿಗಳು ಪೆಟ್ಟಿಗೆಗಟ್ಟಲೆ ಬ್ಯಾಟರಿ ಕಾರು ಕಳಿಸಿದರು. ಎರಡೇ ದಿನ. ಅರ್ಧ ಮುರಿದವು, ಉಳಿದದ್ದಕ್ಕೆ ತಾಯಂದಿರೇ ಜಗಳವಾಡಿದರು. ಆಮೇಲೆ ಕ್ರೇಯಾನ್ಸು, ಹಾಳೆಗೆ ಸುಮಾರು 2,000 ರೂಪಾಯಿ ಹೋಯಿತು. ಬಂದದ್ದು ಏನು? ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ. ಎಲ್ಲರದೂ ಅದೇ ಚಿತ್ರ, ಶಾಲೆಯಲ್ಲಿ ಕಲಿಸಿದ್ದು.

ಕೊನೆಗೆ ಒಂದು ಟ್ರ್ಯಾಕ್ಟರ್ ಮರಳು ಹಾಕಿಸಿದೆ. 1,000–1,200 ಕೊಟ್ಟ ನೆನಪು. ಜೊತೆಗೆ ನಾಲ್ಕು ಕೊಡ ನೀರು. ಮಕ್ಕಳು ತಾವೇ ಊರು ಕಟ್ಟಿದರು, ಗುಡಿ ಕಟ್ಟಿದರು, ನೀರು ಬಿಟ್ಟು ಎಲ್ಲ ಕೊಚ್ಚಿ ಹಾಕಿದರು. ಮತ್ತೆ ಕಟ್ಟಿದರು, ಮತ್ತೆ ಕೊಚ್ಚಿದರು. ಹಿರಿಯರಿಗೆ ಸಿಟ್ಟು: "ಅಪಶಕುನ, ನಿಲ್ಲಿಸ್ರಿ!" ನಾನು ನಿಲ್ಲಿಸಲಿಲ್ಲ, ತಾವು ಕಂಡ ನೆರೆಯನ್ನೇ ಅವರು ಆಡುತ್ತಿದ್ದರು. ಗುಡಿ ಕಟ್ಟೆಯ ಮುದುಕರನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಅದು ಊರಿಂದ ಊರಿಗೆ ಬೇರೆ.

ನೀವು ನೋಡಬೇಕಾದದ್ದು ಆಟ ಹೇಗೆ ಮುಗಿಯುತ್ತದೆ ಅನ್ನೋದನ್ನು. ಮೊದಮೊದಲು ಆ ಮರಳಿನ ಊರಿನಲ್ಲಿ ಯಾರೂ ಬದುಕುತ್ತಿರಲಿಲ್ಲ. ಮೂರ್ನಾಲ್ಕು ವಾರಕ್ಕೆ ಆಟದಲ್ಲಿ ಹರಿಗೋಲು ಬಂತು, ಒಬ್ಬ ಹುಡುಗ ಮನೆಗಳನ್ನು ದಿಬ್ಬದ ಮೇಲೆ ಕಟ್ಟಿದ. ಹೀಗೆ ಬದಲಾದರೆ ಚಿಂತೆಯಿಲ್ಲ. ಒಂದೇ ಆಟವನ್ನು ಒಂದಿಷ್ಟೂ ಬದಲಿಸದೆ, ಮುಖ ಗಂಟು ಹಾಕಿಕೊಂಡು ವಾರಗಟ್ಟಲೆ ಆಡುವ ಮಗುವನ್ನು ಮಾತ್ರ ಬಿಡಬೇಡಿ. ಅಂಥ ಇಬ್ಬರನ್ನು ರಾಯಚೂರಿಗೆ ಡಾಕ್ಟರ್ ಹತ್ತಿರ ಕಳಿಸಿದೆವು.

ನಡುವೆ ಕೊಪ್ಪಳದ ಕಡೆಯ ಕಿನ್ನಾಳದ ಮರದ ಗೊಂಬೆ ತರಿಸುವ ಆಸೆಯೂ ಬಂತು. ದರ ಕೇಳಿ ಸುಮ್ನಾದೆ. ಬದಲಿಗೆ ಒಬ್ಬ ಅಜ್ಜಿ ಯರೆಮಣ್ಣು, ಅಂದರೆ ಹೊಲದ ಕಪ್ಪು ಮಣ್ಣು, ಕಲಸಿ ಕೊಟ್ಟಳು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ತಿಂಗಳುಗಳೇ ಆಗಿದ್ದವು, ಆದರೂ ಮಕ್ಕಳು ಎತ್ತು ಮಾಡಿದರು. ಆಮೇಲೆ ಹೊಳೆಪಾಲಾದ ತಮ್ಮ ಎಮ್ಮೆಗಳನ್ನು ಮಾಡಿ ಒಂದೊಂದಕ್ಕೂ ಹೆಸರಿಟ್ಟು ಕರೆದರು. ಯರೆಮಣ್ಣು ಒಣಗಿದರೆ ಬಿರಿಯುತ್ತದೆ, ಅಲ್ವಾ? ಇವು ಬಿರಿಯಲಿಲ್ಲ. ಏನು ಬೆರೆಸಿದಳೋ, ಅದು ಅಜ್ಜಿಯ ಗುಟ್ಟು.

ದೊಡ್ಡ ಹುಡುಗಿಯರು ಮಾತ್ರ ಬರುತ್ತಿರಲಿಲ್ಲ. ಸಂಜೆ ನೀರು ಹೊರಬೇಕು, ಕಂಕುಳಲ್ಲಿ ತಮ್ಮನೋ ತಂಗಿಯೋ. ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ, ಹೊತ್ತನ್ನು ಮಧ್ಯಾಹ್ನಕ್ಕೆ ಬದಲಿಸಿದ ಮೇಲೆ ಕುಂಟಾಬಿಲ್ಲೆಗೆ ಜಾಗ ಸಾಲದಾಯಿತು.

ಎಲ್ಲ ಸೇರಿ ಆರೇಳು ಸಾವಿರದೊಳಗೆ ಮುಗಿಯಿತು. ಮರಳನ್ನು ವಾರಕ್ಕೊಮ್ಮೆ ಜರಡಿ ಹಿಡಿಯಿರಿ, ಗಾಜಿನ ಚೂರು ಸಿಗುತ್ತವೆ. ರಾತ್ರಿ ತಾಡಪಾಲು ಮುಚ್ಚಿ, ಇಲ್ಲದಿದ್ದರೆ ನಾಯಿಗಳು ಹೊಲಸು ಮಾಡುತ್ತವೆ.