ಮಾನಿಟರ್ ಕೆಟ್ಟಿಲ್ಲ, ನಿಮಗೆ ತಾಳ್ಮೆ ಇಲ್ಲ

ಹೋದ ವಾರ ಮೊಮ್ಮಗ ಹೊಸ ಕಂಪ್ಯೂಟರ್ ತಂದ. ನನ್ನ ಹದಿನೇಳು ಇಂಚಿನ ಚೌಕ ಮಾನಿಟರಿಗೆ ಹಾಕಿ ನೋಡಿದ, ಚಿತ್ರ ಬರಲಿಲ್ಲ. ಐದು ನಿಮಿಷ ಕೂಡ ಆಗಿರಲಿಲ್ಲ, "ಅಜ್ಜಿ, ಇದು ಹೋಯ್ತು, ಗುಜರಿಗೆ ಹಾಕೋಣ" ಅಂದುಬಿಟ್ಟ. ಅಲ್ಲ ಕಣಪ್ಪ, ಚುಚ್ಚಿರೋ ಜಾಗ ಸರಿಯಿದೆಯಾ ಅಂತ ಒಮ್ಮೆ ಬಗ್ಗಿ ನೋಡಬಾರದಾ? ಡಬ್ಬದ ಹಿಂದೆ ಮೇಲ್ಗಡೆ ಮದರ್‌ಬೋರ್ಡಿನ, ಅಂದರೆ ಒಳಗಿನ ಮುಖ್ಯ ಹಲಗೆಯ ಕಿಂಡಿ, ಕೆಳಗಡೆ ಅಡ್ಡಕ್ಕೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿನದ್ದು. ಕಾರ್ಡ್ ಇದ್ದರೆ ಕಾರ್ಡಿಗೇ ಹಾಕಬೇಕು. ಈ ಹುಡುಗರೆಲ್ಲ ಕಣ್ಣಿಗೆ ಮೊದಲು ಬಿದ್ದ ತೂತಿಗೆ ತುರುಕ್ತಾರೆ.

ಎರಡನೇ ತಪ್ಪು ಅವನು ತಂದ ವೈರು. ಒಂದು ತುದಿ ಈಗಿನ ಕಂಪ್ಯೂಟರಿನ ಚಿತ್ರದ ಕಿಂಡಿಗೆ ಹೋಗೋ ಎಚ್‌ಡಿಎಂಐ, ಇನ್ನೊಂದು ತುದಿ ಹಳೇ ಮಾನಿಟರಿನ ನೀಲಿ ವಿಜಿಎ, ನಡುವೆ ಬರೀ ತಂತಿ. ಅದರಿಂದ ಏನೂ ಬರಲ್ಲ. ಎಚ್‌ಡಿಎಂಐ ಕಳಿಸೋದು ಡಿಜಿಟಲ್, ಅಂದರೆ ಚಿತ್ರವನ್ನು ಅಂಕಿಗಳಾಗಿ; 1987ರಲ್ಲಿ ಐಬಿಎಂನವರು ತಂದ ವಿಜಿಎಗೆ ಬೇಕಾಗಿರೋದು ಅನಲಾಗ್, ಅಂದರೆ ಏರಿಳಿಯೋ ವಿದ್ಯುತ್ತಾಗಿ. ನಡುವೆ ಚಿಪ್ ಇರೋ ಕನ್ವರ್ಟರ್ ಬೇಕೇ ಬೇಕು. ಅಂಗಡಿಯಲ್ಲಿ "ಎಚ್‌ಡಿಎಂಐಯಿಂದ ವಿಜಿಎಗೆ" ಅಂತ ಬಾಯಿಬಿಟ್ಟು ಕೇಳಿ, ಯಾಕಂದ್ರೆ ಉಲ್ಟಾ ಕೆಲಸ ಮಾಡೋದೂ ನೋಡೋಕೆ ಹಾಗೇ ಇರುತ್ತೆ. ಮಾನಿಟರಲ್ಲಿ ಡಿಜಿಟಲ್ ಚಿತ್ರವನ್ನೇ ತಗೊಳ್ಳೋ ಬಿಳೀ ಡಿವಿಐ ಕಿಂಡಿ ಇದ್ದರಂತೂ ನಿಮ್ಮ ಪುಣ್ಯ. ಅಲ್ಲಿ ಎಚ್‌ಡಿಎಂಐಯಿಂದ ಡಿವಿಐಗೆ ಸಾದಾ ವೈರೇ ಸಾಕು. ವಿಜಿಎ ವೈರಿನ ನಡುಸಾಲಲ್ಲಿ ಒಂದು ಸೂಜಿ ಕಾಣಿಸಲಿಲ್ಲ ಅಂದರೆ ಮುರಿದುಹೋಯ್ತು ಅಂತ ಗಾಬರಿ ಬೀಳಬೇಡಿ, 9ನೇ ಸೂಜಿ ಎಷ್ಟೋ ವೈರುಗಳಲ್ಲಿ ಇರೋದೇ ಇಲ್ಲ. ತಿರುಪು ಎರಡನ್ನೂ ಬೆರಳಲ್ಲೇ, ಉಪ್ಪಿನಕಾಯಿ ಬಾಟಲಿ ಮುಚ್ಚಳದಷ್ಟು ಬಿಗಿ ಮಾಡಿ. ಇಕ್ಕಳ ಹಾಕಿದರೆ ಮುಂದಿನ ಸಲ ಬಿಚ್ಚುವಾಗ ಕಿಂಡಿಯ ನಟ್ಟೇ ಜೊತೆಗೆ ಬರುತ್ತೆ.

ಇಷ್ಟಾದ ಮೇಲೆ ಚಿತ್ರ ಬರುತ್ತೆ. ಬಂದ ತಕ್ಷಣ "ಆಯ್ತು" ಅಂತ ಎದ್ದುಹೋಗ್ತಾರಲ್ಲ, ನನಗೆ ಮೈ ಉರಿಯೋದು ಅಲ್ಲೇ. ಅಕ್ಷರಗಳೆಲ್ಲ ನೀರಲ್ಲಿ ನೆನೆದ ಹಾಗೆ ಕಾಣ್ತಿರುತ್ತೆ, "ಹಳೇದಲ್ವಾ, ಇಷ್ಟೇ" ಅಂತಾರೆ. ಇಷ್ಟೇ ಅಲ್ಲ.

ನಾನು ವರ್ಷಗಟ್ಟಲೆ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಲ್ಲಿ ಅಚ್ಚಿಗೆ ಪುಟ ಜೋಡಿಸೋ ಅಂಗಡಿ, ನಡೆಸಿದವಳು. ಹೊಟ್ಟೆ ದಪ್ಪದ ಗಾಜಿನ ಮಾನಿಟರಿಂದ ಶುರು, ಆಮೇಲೆ ಈ ಚಪ್ಪಟೆಯದು ಬಂತು. ಬಂದ ಹೊಸದರಲ್ಲಿ ಒಂದು ಲಗ್ನಪತ್ರಿಕೆ, ನಾನೂರು ಪ್ರತಿ. ಮಸುಕು ಪರದೆಯಲ್ಲೇ ಪ್ರೂಫ್ ನೋಡಿ ಕಳಿಸಿಬಿಟ್ಟೆ. ಮದುಮಗಳ ಹೆಸರಿನ "ಧನ" ಅಚ್ಚಾಗಿ ಬಂದಾಗ "ದನ" ಆಗಿತ್ತು. ಆ ಹೆಣ್ಣಿನ ತಂದೆ ಅಂಗಡಿ ಮುಂದೆ ನಿಂತು ಕೂಗಾಡಿದ್ದು ಈಗಲೂ ಕಿವಿಯಲ್ಲಿದೆ. ಎಲ್ಲ ನನ್ನ ಖರ್ಚಲ್ಲೇ ಮತ್ತೆ ಅಚ್ಚಾಯ್ತು. ಅವತ್ತಿಂದ ವಿಜಿಎ ಮಾನಿಟರ್ ಕೂರಿಸೋದು ಹೀಗೇ.

ಮೊದಲು ಪರದೆಯನ್ನು ಅರ್ಧ ಗಂಟೆ ಸುಮ್ಮನೆ ಉರಿಯೋಕೆ ಬಿಡಿ. ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ರೆಸಲ್ಯೂಷನ್, ಅಂದರೆ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಚುಕ್ಕಿ ಅನ್ನೋದು, ಆ ಪರದೆಗೆ ಹುಟ್ಟಿನಿಂದ ಬಂದದ್ದೇ ಇರಬೇಕು. ನನ್ನದರಂಥ ಚೌಕದ್ದಾದರೆ 1280ಕ್ಕೆ 1024, 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ. ಅತಿಯಾಸೆಗೆ ಜಾಸ್ತಿ ಇಟ್ಟರೆ "ಔಟ್ ಆಫ್ ರೇಂಜ್" ಅಂತ ಮುಖ ಕಪ್ಪು ಮಾಡಿಕೊಳ್ಳುತ್ತೆ. ಆಮೇಲೆ ನೋಟ್‌ಪ್ಯಾಡ್ ತೆಗೆದು ಪೂರ್ತಿ ಹರಡಿ, ಶಿಫ್ಟ್ ಹಿಡಿದುಕೊಂಡು ಎಂಟರ್ ಕೀಗಿಂತ ಮೇಲ್ಗಡೆ ಇರೋ ನಿಂತ ಗೆರೆಯ (|) ಕೀ ಒತ್ತಿ ಒಂದು ಸಾಲು ತುಂಬಿಸಿ, ನಕಲು ಮಾಡಿ ಇಡೀ ಪುಟಕ್ಕೆ ಹಾಕಿ. ಈಗ ಮಾನಿಟರಿನ ಆಟೋ ಗುಂಡಿ ಒತ್ತಿ. ಕಪ್ಪು ವಾಲ್‌ಪೇಪರ್ ಮೇಲೆ ಅದನ್ನು ಒತ್ತಿದರೆ ಚಿತ್ರದ ಅಂಚು ಎಲ್ಲಿದೆ ಅಂತ ಅದಕ್ಕೆ ತಿಳಿಯೋದೇ ಇಲ್ಲ, ಒಂದು ಪಕ್ಕಕ್ಕೆ ಎಳೆದು ಕೂರಿಸುತ್ತೆ. ಅದಕ್ಕೇ ನಾಲ್ಕು ಅಂಚಿಗೂ ಬೆಳಕಿರಬೇಕು ಅನ್ನೋದು.

ಇಷ್ಟಕ್ಕೇ ಬಿಡಬೇಡಿ. ಮಾನಿಟರಿನ ಮೆನುವಿನಲ್ಲಿ ಕ್ಲಾಕ್ (Clock) ಅಂತಿರುತ್ತೆ. ಗೆರೆಗಳ ನಡುವೆ ಸೀರೆ ಪಟ್ಟಿಯ ಹಾಗೆ ಅಗಲವಾದ ಮಬ್ಬು ಪಟ್ಟೆಗಳು ಕಂಡರೆ ಕ್ಲಾಕನ್ನು ಒಂದೊಂದೇ ಹೆಜ್ಜೆ ಆ ಕಡೆ ಈ ಕಡೆ ಮಾಡಿ, ಪಟ್ಟೆ ಒಂದೂ ಉಳಿಯಬಾರದು. ಚಿತ್ರ ಜರುಗಿದರೆ ಮತ್ತೆ ನಡುವಿಗೆ ತನ್ನಿ. ಆಮೇಲೆ ಗೆರೆ ಅಳಿಸಿ, ಪುಟ ತುಂಬಾ ಸಣ್ಣಕ್ಷರದಲ್ಲಿ ದ, ಧ, ದ, ಧ ಅಂತ ಹಾಕಿ. ಈಗ ಅದೇ ಮೆನುವಿನ ಫೇಸ್ (Phase). ಅಕ್ಷರದ ಅಂಚು ಸಳಸಳ ನಡುಗ್ತಿರುತ್ತೆ. ಒಂದು ಹೆಜ್ಜೆ ಸರಿಸಿ, ಕಣ್ಣು ಮಿಟುಕಿಸಿ, ನೋಡಿ. ಎಲ್ಲೋ ಒಂದು ಕಡೆ ತಟಕ್ಕನೆ ನಿಲ್ಲುತ್ತೆ, ಧ ಅಕ್ಷರದ ಹೊಟ್ಟೆಯ ಕೆಳಗಿನ ಸೀಳು ಸೂಜಿಯಲ್ಲಿ ಕೊರೆದ ಹಾಗೆ ಕಾಣುತ್ತೆ. ಎಷ್ಟು ಅಂಕಿಗೆ ನಿಲ್ಲುತ್ತೆ ಅಂತ ಕೇಳಬೇಡಿ, ಮಾನಿಟರಿಗೊಂದು, ವೈರಿಗೊಂದು. ಡಿವಿಐನಲ್ಲಿ ಹಾಕಿದವರಿಗೆ ಈ ಗೋಜೇ ಇಲ್ಲ.

ಕಣ್ಣಿಟ್ಟು ನೋಡುವಾಗ ಧೂಳು ಕಾಣುತ್ತಲ್ಲ, ಆಗ ಗಾಜು ಒರೆಸೋ ನೀಲಿ ನೀರನ್ನು ಪರದೆಗೆ ಚಿಮುಕಿಸಬೇಡಿ. ಮಾನಿಟರ್ ಆರಿಸಿ, ಹಳೇ ಪಂಚೆಯ ಒಣ ತುಂಡಲ್ಲಿ ಒರೆಸಿ. ಆ ತುಂಡನ್ನು ಒಗೆಯುವಾಗ ಬಟ್ಟೆಗೆ ಘಮ ಬರಲಿ ಅಂತ ಹಾಕ್ತೀರಲ್ಲ, ಆ ದ್ರವ ಬೇಡ; ಒರೆಸಿದ ಕಡೆಯೆಲ್ಲ ಜಿಡ್ಡು ಹಿಡಿಯುತ್ತೆ. ಹಿತ್ತಾಳೆ ದೀಪ ಒರೆಸೋ ಬಟ್ಟೆಗೂ ಇದೇ ಮಾತು. ಎಷ್ಟು ಸಲ ಹೇಳಿದರೂ ನಮ್ಮನೆಯಲ್ಲಿ ಕೇಳಲ್ಲ.

ಎರಡು ಪರದೆ ಇದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ಎಕ್ಸ್‌ಟೆಂಡ್ ಅನ್ನಿ, ಎರಡೂ ಸೇರಿ ಒಂದೇ ಅಗಲ ಪರದೆಯ ಹಾಗಾಗುತ್ತೆ. ಕನ್ವರ್ಟರ್ ಹಾಕಿದ ಮೇಲೆ ಹಾಡು ಕೇಳಿಸದಿದ್ದರೆ ಸ್ಪೀಕರನ್ನು ಬೈಯಬೇಡಿ, ಕಂಪ್ಯೂಟರ್ ಶಬ್ದವನ್ನು ಎಚ್‌ಡಿಎಂಐ ಕಡೆ ತಿರುಗಿಸಿರುತ್ತೆ. ಗಡಿಯಾರದ ಪಕ್ಕದ ಸ್ಪೀಕರ್ ಗುರುತು ಒತ್ತಿ ವಾಪಸ್ ಹಾಕಿಕೊಳ್ಳಿ.